ಲ್ಯಾಪ್‌ಟಾಪ್‌ನ ತೆಳುದನಿಗೆ ಪರಿಹಾರ: ಕ್ರಿಯೇಟಿವ್ ಪೆಬಲ್ ವಿ2 ಮತ್ತು ಇನ್ನೆರಡು ಸಣ್ಣ ಸ್ಪೀಕರ್‌ಗಳು

ಯಕ್ಷಗಾನದ ಧ್ವನಿಮುದ್ರಣವೊಂದನ್ನು ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಕೇಳಿದರೆ ಚೆಂಡೆಯ ಪೆಟ್ಟುಗಳು ಚುರುಕಾಗಿ ಬರುತ್ತವೆ, ತಾಳದ ದನಿ ಕಿವಿಗೆ ಚುಚ್ಚುವಷ್ಟು ಸ್ಪಷ್ಟವಾಗಿರುತ್ತದೆ, ಭಾಗವತರ ಏರುಸ್ವರಕ್ಕೂ ದೊಡ್ಡ ಕೊರತೆಯಾಗುವುದಿಲ್ಲ. ಮದ್ದಳೆಯ ತುಂಬುನಾದ ಮಾತ್ರ ಬಹುಪಾಲು ಇಲ್ಲವಾಗಿರುತ್ತದೆ. ಕರ್ನಾಟಕ ಸಂಗೀತದ ಕಛೇರಿಯನ್ನು ಹಾಕಿದರೂ ಇದೇ ಅನುಭವ. ಮೃದಂಗದ ಬಲಗಡೆಯ ಸೊಲ್ಲುಗಳು ಒಂದೊಂದಾಗಿ ಕೇಳುತ್ತವೆ, ಎಡಗಡೆಯ ಗುಮಕಿ ಕೇಳುವುದೇ ಇಲ್ಲ, ತಂಬೂರಿಯ ಮಂದ್ರದ ತಂತಿ ಇದ್ದೂ ಇಲ್ಲದಂತಿರುತ್ತದೆ. ಹೀಗಾದಾಗ ಹೆಚ್ಚಿನವರು ವಾಲ್ಯೂಮ್ ಏರಿಸುತ್ತಾರೆ, ಅದೂ ಸಾಲದಾದಾಗ ವಿಎಲ್‌ಸಿಯಂತಹ ಪ್ಲೇಯರ್‌ನಲ್ಲಿ ನೂರು ಶೇಕಡಾವನ್ನೂ ಮೀರಿ ಎಳೆಯುತ್ತಾರೆ. ಅದರಿಂದ ಇರುವ ದನಿ ಒಡೆಯುತ್ತದೆಯೇ ಹೊರತು ಇಲ್ಲದ ದನಿ ಹುಟ್ಟುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಕೊರತೆಯಿರುವುದು ಗಟ್ಟಿತನಕ್ಕಲ್ಲ, ದನಿಯ ಕೆಳಭಾಗಕ್ಕೆ. ಹೊರಗಿನ ಸ್ಪೀಕರ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಆ ಕೆಳಭಾಗ ಎಷ್ಟು ಮರಳಿ ಸಿಗುತ್ತದೆ ಎಂಬುದನ್ನೇ. ನಾನು ಕ್ರಿಯೇಟಿವ್ ಪೆಬಲ್ ವಿ2 ಜೋಡಿಯನ್ನು, ಅದರ ಪಕ್ಕದಲ್ಲಿಟ್ಟು ಲಾಜಿಟೆಕ್ ಝಡ್120 ಮತ್ತು ಜೆಬಿಎಲ್ ಗೋ 3 ಸ್ಪೀಕರ್‌ಗಳನ್ನು ತೂಗಿ ನೋಡಿದ್ದು ಈ ಅಳತೆಗೋಲಿನಿಂದ.

ಕೊರತೆ ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಅಂಗಡಿಯಲ್ಲಿ ಕೇಳಿಬರುವ ಅರ್ಧ ಮಾತುಗಳನ್ನು ಒರೆಹಚ್ಚಿ ನೋಡಲು ಇಷ್ಟು ತಿಳಿದಿದ್ದರೆ ಸಾಕು. ದನಿಯೆಂದರೆ ಗಾಳಿಯ ಕಂಪನ. ಅದನ್ನು ಹುಟ್ಟಿಸುವುದು ಸ್ಪೀಕರ್‌ನ ಪೊರೆ. ಗಟ್ಟಿತನ ಅಷ್ಟೇ ಇರಬೇಕು, ಆವೃತ್ತಿ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಎಣಿಕೆ, ಅದರ ಅಳತೆ ಹರ್ಟ್ಜ್) ಮಾತ್ರ ಅರ್ಧಕ್ಕೆ ಇಳಿಯಬೇಕು ಎಂದಾದರೆ ಪೊರೆ ನಾಲ್ಕು ಪಟ್ಟು ಹೆಚ್ಚು ದೂರ ಚಲಿಸಬೇಕಾಗುತ್ತದೆ. 400 ಹರ್ಟ್ಜ್‌ನಿಂದ 100 ಹರ್ಟ್ಜ್‌ಗೆ ಇಳಿದರೆ ಅದು ಹದಿನಾರು ಪಟ್ಟಾಯಿತು. ಕೀಬೋರ್ಡಿನ ಕೆಳಗಿನ ಕೆಲವೇ ಮಿಲಿಮೀಟರ್ ಜಾಗದಲ್ಲಿ ಹುದುಗಿಸಿದ ಸ್ಪೀಕರ್‌ಗೆ ಅಷ್ಟು ಚಲಿಸಲು ಎಡೆಯೂ ಇಲ್ಲ, ತಳ್ಳಲು ಅಗಲವಾದ ಮೇಲ್ಮೈಯೂ ಇಲ್ಲ. ಆದ್ದರಿಂದ ಬಹಳಷ್ಟು ತೆಳು ಲ್ಯಾಪ್‌ಟಾಪ್‌ಗಳಲ್ಲಿ 300 ಹರ್ಟ್ಜ್‌ನ ಆಸುಪಾಸಿನಿಂದಲೇ ದನಿ ಕುಸಿಯತೊಡಗುತ್ತದೆ. ಇದಕ್ಕೆ ಅಪವಾದಗಳಿವೆ: ಆ್ಯಪಲ್ ಸಂಸ್ಥೆ 2019ರಲ್ಲಿ ತಂದ 16 ಇಂಚಿನ ಮ್ಯಾಕ್‌ಬುಕ್ ಪ್ರೋದಲ್ಲಿ ಆರು ಸ್ಪೀಕರ್‌ಗಳ ವ್ಯವಸ್ಥೆಯಿದೆ, ಅಂತಹ ಯಂತ್ರವುಳ್ಳವರು ಈ ಬರಹದಲ್ಲಿ ಹೇಳುವ ಯಾವುದನ್ನೂ ಕೊಳ್ಳಬೇಕಾಗಿಲ್ಲ.

ಕಳೆದುಹೋಗುವ ಆ ಕೆಳ ಆವೃತ್ತಿಗಳಲ್ಲಿ ಏನೇನಿದೆ ಎಂದು ನೋಡಿದರೆ ನಷ್ಟದ ಗಾತ್ರ ತಿಳಿಯುತ್ತದೆ. ಮಾತನಾಡುವಾಗ ಗಂಡಸರ ದನಿಯ ಮೂಲ ಆವೃತ್ತಿ ಸಾಮಾನ್ಯವಾಗಿ 85ರಿಂದ 155 ಹರ್ಟ್ಜ್‌ನೊಳಗೆ, ಹೆಂಗಸರದು 165ರಿಂದ 255 ಹರ್ಟ್ಜ್‌ನೊಳಗೆ ಇರುತ್ತದೆ. ಒಂದನೆಯ ಮನೆಯ ಶ್ರುತಿಯಲ್ಲಿ ಹಾಡುವ ಗಾಯಕರ ಆಧಾರ ಷಡ್ಜ ಸುಮಾರು 131 ಹರ್ಟ್ಜ್, ಅವರ ತಂಬೂರಿಯ ಮಂದ್ರದ ತಂತಿ ಅದರ ಅರ್ಧ, ಅಂದರೆ ಸುಮಾರು 65 ಹರ್ಟ್ಜ್. ಮೂಲವೇ ಕೇಳದಿದ್ದರೂ ನಮಗೆ ಶ್ರುತಿ ತಪ್ಪಿದಂತೆ ಅನಿಸದಿರುವುದಕ್ಕೆ ಕಾರಣ ನಮ್ಮ ಶ್ರವಣದ ಒಂದು ಸೊಗಸಾದ ಗುಣ: ಮೇಲಿನ ಅನುಸ್ವರಗಳ (ಮೂಲಸ್ವರದ ಜೊತೆಗೇ ಅದರ ಎರಡು, ಮೂರು ಪಟ್ಟು ಆವೃತ್ತಿಯಲ್ಲಿ ಹುಟ್ಟುವ ಸ್ವರಗಳ) ನಡುವಣ ಅಂತರವನ್ನು ಗ್ರಹಿಸಿ ಮಿದುಳು ಕೆಳಗಿನ ಮೂಲಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಸ್ವರದ ಸ್ಥಾನವನ್ನು ಅದು ಹೀಗೆ ತುಂಬಿಕೊಡಬಲ್ಲದು, ಸ್ವರದ ತೂಕವನ್ನು ತುಂಬಿಕೊಡಲಾರದು. ಸಣ್ಣ ಸ್ಪೀಕರೊಂದು 65 ಹರ್ಟ್ಜ್ ನುಡಿಸಲಾರದಿದ್ದರೂ ಅದರ ಎರಡನೆಯ ಅನುಸ್ವರವಾದ 131ನ್ನು ಸರಿಯಾಗಿ ನುಡಿಸಿದರೆ ತಂಬೂರಿ ತಂಬೂರಿಯಂತೆಯೇ ಕೇಳುತ್ತದೆ. 300ರಿಂದ ಸುಮಾರು 110 ಹರ್ಟ್ಜ್‌ವರೆಗಿನ ಆ ಒಂದೂವರೆ ಸ್ಥಾಯಿಯನ್ನು ಮರಳಿ ಪಡೆಯುವುದಕ್ಕೇ ನಾವು ಹಣ ಕೊಡುತ್ತಿರುವುದು.

ಕ್ರಿಯೇಟಿವ್ ಟೆಕ್ನಾಲಜಿ 1981ರಲ್ಲಿ ಸಿಂಗಾಪುರದಲ್ಲಿ ಆರಂಭವಾದ ಸಂಸ್ಥೆ. ಕಂಪ್ಯೂಟರ್ ಎಂದರೆ ಬರೀ ಬೀಪ್ ಸದ್ದು ಮಾಡುವ ಪೆಟ್ಟಿಗೆಯಾಗಿದ್ದ ಕಾಲದಲ್ಲಿ, 1989ರಲ್ಲಿ, ಸೌಂಡ್ ಬ್ಲಾಸ್ಟರ್ ಕಾರ್ಡ್ ತಂದು ಅದಕ್ಕೆ ಸಂಗೀತ ಕಲಿಸಿದವರಲ್ಲಿ ಇವರು ಪ್ರಮುಖರು. ಪೆಬಲ್ ಅವರ ಅಗ್ಗದ ಸಾಲಿಗೆ ಸೇರಿದ ಜೋಡಿ ಸ್ಪೀಕರ್. ಒಂದೊಂದೂ ಸಿಪ್ಪೆ ಸುಲಿದ ಚಿಕ್ಕ ತೆಂಗಿನಕಾಯಿಯಷ್ಟು ದಪ್ಪದ ಗೋಳ. ಅದರ ಮುಖವನ್ನು 45 ಡಿಗ್ರಿ ಮೇಲಕ್ಕೆ ಓರೆಯಾಗಿ ಕತ್ತರಿಸಿ ಅಲ್ಲಿ ಎರಡು ಇಂಚಿನ ಡ್ರೈವರ್, ಅಂದರೆ ದನಿ ಹುಟ್ಟಿಸುವ ಪೊರೆಯುಳ್ಳ ಭಾಗ, ಕೂರಿಸಲಾಗಿದೆ. ಹಿಂಬದಿಯಲ್ಲಿ ಪ್ಯಾಸಿವ್ ರೇಡಿಯೇಟರ್ ಇದೆ, ಅಂದರೆ ವಿದ್ಯುತ್ ಸಂಪರ್ಕವಿಲ್ಲದ ಇನ್ನೊಂದು ಪೊರೆ. ಮುಂದಿನ ಡ್ರೈವರ್ ಒಳಗಿನ ಗಾಳಿಯನ್ನು ಒತ್ತಿದಾಗ ಈ ಪೊರೆಯೂ ಕಂಪಿಸಿ ಕೆಳಸ್ವರಗಳಿಗೆ ಬೆಂಬಲ ಕೊಡುತ್ತದೆ. ವಿದ್ಯುತ್ತು ಯುಎಸ್‌ಬಿ ತಂತಿಯಿಂದ, ದನಿ 3.5 ಎಂಎಂ ತಂತಿಯಿಂದ. ಯುಎಸ್‌ಬಿ ತುದಿ ಟೈಪ್-ಸಿ ಆಗಿದ್ದು, ಹಳೆಯ ಚಪ್ಪಟೆ ಪೋರ್ಟಿಗೆ ಹೊಂದುವ ಅಡಾಪ್ಟರನ್ನೂ ಪೆಟ್ಟಿಗೆಯಲ್ಲಿಯೇ ಕೊಟ್ಟಿರುತ್ತಾರೆ. ಬಲಗಡೆಯ ಸ್ಪೀಕರ್‌ನ ಮುಂದೆ ವಾಲ್ಯೂಮ್ ಗುಬುಟು ಇದೆ. ಇದರಾಚೆಗೆ ಯಾವ ಗುಂಡಿಯೂ ದೀಪವೈಭವವೂ ಇಲ್ಲದಿರುವುದು ನನಗೆ ಹಿಡಿಸಿತು.

ಆ 45 ಡಿಗ್ರಿ ಓರೆ ನೋಟಕ್ಕಾಗಿ ಮಾಡಿದ್ದಲ್ಲ. ಈ ಜೋಡಿಯ ಅತ್ಯಂತ ಮುಖ್ಯವಾದ ಗುಣವೇ ಅದು. ಎತ್ತರದ ಆವೃತ್ತಿಗಳು ನೇರ ದಾರಿಯಲ್ಲಿ ಸಾಗುತ್ತವೆ, ಕೆಳಗಿನವು ಸುತ್ತಲೂ ಹರಡುತ್ತವೆ. ಲ್ಯಾಪ್‌ಟಾಪ್‌ನ ಸ್ಪೀಕರ್‌ಗಳು ಎಷ್ಟೋ ಮಾದರಿಗಳಲ್ಲಿ ತಳಭಾಗದಲ್ಲಿದ್ದು ಮೇಜಿನ ಕಡೆಗೆ ಮುಖ ಮಾಡಿರುತ್ತವೆ. ಮೇಜಿನ ಮೇಲಿದ್ದರೆ ದನಿ ತಟ್ಟಿ ಹಿಂದಿರುಗಿಯಾದರೂ ಬರುತ್ತದೆ, ಹಾಸಿಗೆಯ ಮೇಲೋ ತೊಡೆಯ ಮೇಲೋ ಇಟ್ಟುಕೊಂಡರೆ ಬಟ್ಟೆಯೇ ಅದನ್ನು ಹೀರಿಕೊಳ್ಳುತ್ತದೆ. ಆಗ ಮೊದಲು ಹಾಳಾಗುವುದು ವ್ಯಂಜನಗಳು. ಸ, ಶ, ಷಗಳ ನಡುವಣ ಭೇದವೂ, ಅಲ್ಪಪ್ರಾಣದಿಂದ ಮಹಾಪ್ರಾಣವನ್ನು ಬೇರ್ಪಡಿಸುವ ಉಸಿರೂ ಎತ್ತರದ ಆವೃತ್ತಿಗಳನ್ನೇ ನೆಚ್ಚಿಕೊಂಡಿರುತ್ತವೆ. ತಾಳಮದ್ದಳೆಯ ಅರ್ಥಗಾರಿಕೆಯನ್ನು ಪೆಬಲ್‌ನಲ್ಲಿ ಕೇಳಿದಾಗ ನನಗೆ ಎದ್ದು ಕಂಡದ್ದು ಇದು: ವೇಗವಾಗಿ ಆಡಿದ ಸಂಸ್ಕೃತಭೂಯಿಷ್ಠವಾದ ಮಾತಿನಲ್ಲಿಯೂ ಒತ್ತಕ್ಷರಗಳು ಬಿಡಿಬಿಡಿಯಾಗಿ ಕೇಳಿದವು, ಜೊತೆಗೆ ಮಾತಿಗೆ ಎದೆಯ ದನಿಯೂ ಸೇರಿತು. ಮೇಜಿನ ಮುಂದೆ ಕುಳಿತವರ ಕಿವಿ ಸ್ಪೀಕರ್‌ಗಿಂತ ಮೇಲಿರುತ್ತದೆ ಎಂಬ ಸರಳವಾದ ವಾಸ್ತವವನ್ನು ಗಮನಿಸಿ ಮಾಡಿದ ವಿನ್ಯಾಸವಿದು. ನೆಟ್ಟಗೆ ನಿಂತು ನಮ್ಮ ಹೊಟ್ಟೆಯ ಕಡೆಗೆ ದನಿ ಬಿಡುವ ಸ್ಪೀಕರ್‌ಗಳು ಇಂದಿಗೂ ಎಷ್ಟಿವೆ ಎಂಬುದನ್ನು ನೆನೆದರೆ ಇದರ ಬೆಲೆ ಅರ್ಥವಾಗುತ್ತದೆ.

ಸಂಗೀತದಲ್ಲಿ ಫಲಿತಾಂಶ ಹೀಗಿದೆ. ವೀಣೆಯ ಮಂದ್ರಸ್ಥಾಯಿಯ ಗಮಕಗಳಲ್ಲಿ ತಂತಿ ಎಳೆದ ಹಾಗೆ ಸ್ವರ ಏರುವುದು ತುಂಡಾಗದೆ ಕೇಳುತ್ತದೆ. ಗಂಡಸರ ಕಂಠ ತನ್ನ ನಿಜವಾದ ದಪ್ಪವನ್ನು ಬಹುಮಟ್ಟಿಗೆ ಮರಳಿ ಪಡೆಯುತ್ತದೆ. ಘಟದ ನಾದ ಬಹಳ ಚೆನ್ನಾಗಿ ಬರುತ್ತದೆ. ಮೃದಂಗದ ಎಡಭಾಗ ಇದೆ ಎಂದು ತಿಳಿಯುತ್ತದೆ, ಗುಮಕಿಯ ಜಾರುಸ್ವರವನ್ನು ಹಿಂಬಾಲಿಸಬಹುದು, ಆದರೆ ಸಭೆಯಲ್ಲಿ ಕುಳಿತಾಗ ಎದೆಗೆ ತಟ್ಟುವ ಗುಂ ಎಂಬ ನಾದವನ್ನು ಎರಡು ಇಂಚಿನ ಡ್ರೈವರ್‌ನಿಂದ ಬಯಸಬಾರದು. ಸಂಸ್ಥೆ ಹೇಳುವ ವ್ಯಾಪ್ತಿ 100ರಿಂದ 17,000 ಹರ್ಟ್ಜ್. ಇಂತಹ ಅಂಕಿಗಳನ್ನು ಯಾವ ಸಂಸ್ಥೆಯದಾದರೂ ಎಚ್ಚರಿಕೆಯಿಂದ ಓದಬೇಕು. ಆ ಕೊನೆಯ ಅಂಚಿನಲ್ಲಿ ದನಿ ಎಷ್ಟು ಡೆಸಿಬಲ್ (ಗಟ್ಟಿತನದ ಅಳತೆ) ಕುಗ್ಗಿರುತ್ತದೆ ಎಂದು ಹೇಳದ ಹೊರತು 100 ಎಂಬ ಸಂಖ್ಯೆ ಅರ್ಧ ಮಾಹಿತಿ ಮಾತ್ರ. ಮಧ್ಯಮ ಮಟ್ಟದ ವಾಲ್ಯೂಮ್‌ನಲ್ಲಿ ಇದರ ದನಿ ಸಮತೋಲವಾಗಿರುತ್ತದೆ. ಪೂರ್ತಿ ಏರಿಸಿದರೆ ಕೆಳಸ್ವರಗಳು ಬಿಗಿದುಕೊಳ್ಳುತ್ತವೆ.

ಶಕ್ತಿಯ ವಿಷಯಕ್ಕೆ ಬಂದರೆ, ಪೆಬಲ್ ವಿ2 ಎರಡೂ ಸೇರಿ 8 ವ್ಯಾಟ್ ಆರ್‌ಎಂಎಸ್‌ವರೆಗೆ (ಆರ್‌ಎಂಎಸ್ ಎಂದರೆ ನಿರಂತರವಾಗಿ ಕೊಡಬಲ್ಲ ಶಕ್ತಿಯ ಅಳತೆ) ಕೊಡಬಲ್ಲದು, ಆದರೆ ಯಾವ ಪೋರ್ಟಿಗೆ ಸಿಕ್ಕಿಸಿದರೂ ಅಷ್ಟು ಸಿಗುವುದಿಲ್ಲ. ಹಳೆಯ ಯುಎಸ್‌ಬಿ 2.0 ಪೋರ್ಟ್ ಪ್ರಮಾಣಿತವಾಗಿ ಕೊಡುವುದೇ 5 ವೋಲ್ಟ್‌ನಲ್ಲಿ ಅರ್ಧ ಆಂಪಿಯರ್, ಅಂದರೆ 2.5 ವ್ಯಾಟ್. ಯುಎಸ್‌ಬಿ 3.0 ಆದರೆ 4.5 ವ್ಯಾಟ್. ಸ್ಪೀಕರ್‌ನ ತಳದಲ್ಲಿರುವ, ದನಿಯನ್ನು ಎಷ್ಟು ವರ್ಧಿಸಬೇಕೆಂದು ನಿರ್ಧರಿಸುವ ಗೇನ್ ಸ್ವಿಚ್ಚನ್ನು ಹೆಚ್ಚಿನ ಮಟ್ಟಕ್ಕೆ ಸರಿಸಬೇಕಾದರೆ 5 ವೋಲ್ಟ್, 2 ಆಂಪಿಯರ್ ಕೊಡುವ ಮೂಲ ಬೇಕು. ದುರ್ಬಲವಾದ ಪೋರ್ಟಿನಲ್ಲಿ ಆ ಸ್ವಿಚ್ಚು ಹಾಕಿದರೆ ಮೃದಂಗದ ಪ್ರತಿಯೊಂದು ಗಟ್ಟಿಪೆಟ್ಟಿಗೂ ದನಿ ಮುಗ್ಗರಿಸುತ್ತದೆ. ಅಂಥಲ್ಲಿ ಸ್ವಿಚ್ಚನ್ನು ಕಡಿಮೆಯ ಬದಿಯಲ್ಲಿಯೇ ಬಿಡುವುದು ಒಳ್ಳೆಯದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅಂಗೈಯಗಲದ ಸ್ಪೀಕರ್‌ನ ಪೆಟ್ಟಿಗೆಯ ಮೇಲೆ ನೂರಾರು ವ್ಯಾಟ್ ಎಂದು ಬರೆದಿರುವುದನ್ನು ನೋಡಿರುವವರು ಅದರ ಮುಂದೆ ಪಿಎಂಪಿಒ ಎಂಬ ಅಕ್ಷರಗಳಿವೆಯೇ ಎಂದು ಗಮನಿಸಬೇಕು. ಆ ಅಳತೆಗೆ ಎಲ್ಲರೂ ಒಪ್ಪಿದ ನಿಯಮವಿಲ್ಲ, ಅದನ್ನು ಆಧರಿಸಿ ಕೊಳ್ಳಬಾರದು. ಆರ್‌ಎಂಎಸ್ ಅಂಕಿಯನ್ನೂ ಅಳತೆಯರಿತು ಓದಬೇಕು: ವ್ಯಾಟ್ ಎರಡರಷ್ಟಾದರೆ ದನಿ ಏರುವುದು ಕೇವಲ 3 ಡೆಸಿಬಲ್, ಕಿವಿಗೆ ಎರಡರಷ್ಟು ಗಟ್ಟಿ ಎನಿಸಲು ಸುಮಾರು 10 ಡೆಸಿಬಲ್ ಬೇಕು.

ಲಾಜಿಟೆಕ್ ಝಡ್120 ಇದಕ್ಕಿಂತ ಅಗ್ಗವಾದ, ಯುಎಸ್‌ಬಿಯಿಂದಲೇ ನಡೆಯುವ, 3.5 ಎಂಎಂ ತಂತಿಯ ಪುಟ್ಟ ಜೋಡಿ. ಇದರ ಶಕ್ತಿ 1.2 ವ್ಯಾಟ್ ಆರ್‌ಎಂಎಸ್. ಕಾಗದದ ಮೇಲೆ 8ರ ಮುಂದೆ 1.2 ಏನೇನೂ ಅಲ್ಲ ಎಂದು ತೋರಿದರೂ ಡೆಸಿಬಲ್ ಲೆಕ್ಕದಲ್ಲಿ ಅಂತರ ಸುಮಾರು 8 ಮಾತ್ರ, ಹತ್ತಿರದಲ್ಲಿ ಕುಳಿತು ವಾರ್ತೆಯನ್ನೋ ಪಾಠವನ್ನೋ ಕೇಳುವವರಿಗೆ ಅದು ಸಾಕಾಗುತ್ತದೆ. ಮಾತು ಸ್ಪಷ್ಟವಾಗಿದೆ, ಯಾವ ಹಳೆಯ ಪೋರ್ಟಿನಲ್ಲಿಯೂ ತಕರಾರಿಲ್ಲದೆ ನಡೆಯುತ್ತದೆ. ಆದರೆ ಪೆಬಲ್ ಮರಳಿ ಕೊಡುವ ಕೆಳಸ್ಥಾಯಿಯ ಬಹುಭಾಗ ಇದರಲ್ಲಿ ಸಿಗುವುದಿಲ್ಲ. ಮಕ್ಕಳ ಪಾಠಕ್ಕೆ ಕೊಳ್ಳುವುದಾದರೆ ಇದನ್ನೇ ಕೊಳ್ಳಿ ಎನ್ನುತ್ತೇನೆ, ಸಂಗೀತಕ್ಕಾದರೆ ಬೇಡ.

ಜೆಬಿಎಲ್ ಗೋ 3 ಬೇರೆಯೇ ಜಾತಿಯದು. ಅಂಗೈಯಲ್ಲಿ ಹಿಡಿಯುವ, 209 ಗ್ರಾಂ ತೂಕದ, ಒಳಗೇ ಬ್ಯಾಟರಿಯುಳ್ಳ ಬ್ಲೂಟೂತ್ ಸ್ಪೀಕರ್; 4.2 ವ್ಯಾಟ್ ಶಕ್ತಿ, ಒಮ್ಮೆ ಚಾರ್ಜ್ ಮಾಡಿದರೆ ಸಂಸ್ಥೆಯ ಲೆಕ್ಕದಲ್ಲಿ 5 ಗಂಟೆಯ ಬಾಳಿಕೆ, ದೂಳು ಮತ್ತು ನೀರಿನಿಂದ ಐಪಿ67 ಮಟ್ಟದ ರಕ್ಷಣೆ. ಅಡುಗೆಮನೆಯ ಕಟ್ಟೆಯ ಮೇಲೆ, ಮಳೆಗಾಲದ ಜಗಲಿಯಲ್ಲಿ, ಪ್ರಯಾಣದಲ್ಲಿ ಇದು ಒಳ್ಳೆಯ ಸಂಗಾತಿ, ಗಾತ್ರಕ್ಕೆ ಮೀರಿದ ದಪ್ಪ ದನಿಯನ್ನೂ ಕೊಡುತ್ತದೆ. ಆದರೆ ಲ್ಯಾಪ್‌ಟಾಪ್‌ನ ಜೊತೆಗೆಂದೇ ಕೊಳ್ಳುವವರು ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು, ಇದು ಒಂಟಿ ಸ್ಪೀಕರ್. ಗಾಯಕರು ನಡುವೆ, ಪಿಟೀಲು ಒಂದು ಬದಿಗೆ, ಮೃದಂಗ ಇನ್ನೊಂದು ಬದಿಗೆ ಎಂಬ ವೇದಿಕೆಯ ಚಿತ್ರ ಸ್ಟೀರಿಯೊ ಮುದ್ರಣದಲ್ಲಿ ಅಡಗಿರುತ್ತದೆ. ಒಂಟಿ ಸ್ಪೀಕರ್‌ನಲ್ಲಿ ಎಲ್ಲರೂ ಒಂದೇ ಬಿಂದುವಿನಿಂದ ನುಡಿಸುತ್ತಾರೆ. ಎರಡನೆಯದು, ಇದರಲ್ಲಿ 3.5 ಎಂಎಂ ಕಿಂಡಿಯಿಲ್ಲ, ಟೈಪ್-ಸಿ ಕಿಂಡಿ ಚಾರ್ಜ್ ಮಾಡಲು ಮಾತ್ರ. ಬ್ಲೂಟೂತ್ ಬಿಟ್ಟರೆ ಬೇರೆ ದಾರಿಯಿಲ್ಲ.

ಬ್ಲೂಟೂತ್ ದಾರಿಯ ತೊಡಕುಗಳು ಯಾವುದೇ ಒಂದು ಸಂಸ್ಥೆಯ ದೋಷಗಳಲ್ಲ, ಆ ವ್ಯವಸ್ಥೆಯ ಸ್ವಭಾವ. ದನಿಯನ್ನು ಸಂಕೇತಕ್ಕೆ ಅಳವಡಿಸಿ, ಕಳುಹಿಸಿ, ಮತ್ತೆ ಬಿಡಿಸುವ ಹೊತ್ತಿಗೆ ಸಾಮಾನ್ಯವಾದ ಎಸ್‌ಬಿಸಿ ಕೋಡೆಕ್‌ನಲ್ಲಿ (ಹಾಗೆ ಅಳವಡಿಸುವ ವಿಧಾನದಲ್ಲಿ) ಸೆಕೆಂಡಿನ ಐದನೆಯ ಒಂದು ಭಾಗದಷ್ಟು ವಿಳಂಬವಾಗಬಹುದು. ಚಲನಚಿತ್ರ ನೋಡುವಾಗ ಹೆಚ್ಚಿನ ಪ್ಲೇಯರ್‌ಗಳು ಚಿತ್ರವನ್ನೂ ಅಷ್ಟೇ ತಡಮಾಡಿ ಸರಿದೂಗಿಸುತ್ತವೆ. ಆದರೆ ಲ್ಯಾಪ್‌ಟಾಪ್‌ನಲ್ಲಿ ತಾಳದ ಸದ್ದು ಹಾಕಿಕೊಂಡು ಅದರ ಜೊತೆಗೆ ಹಾಡಿ ಮುದ್ರಿಸುವವರಿಗೆ ಈ ವಿಳಂಬ ನಿಜವಾದ ತೊಂದರೆ: ನಿಮಿಷಕ್ಕೆ 120 ಎಣಿಕೆಯ ಕಾಲದಲ್ಲಿ ಒಂದು ಎಣಿಕೆ ಅರ್ಧ ಸೆಕೆಂಡ್ ಮಾತ್ರ, ಅದರಲ್ಲಿ ಐದನೆಯ ಎರಡು ಭಾಗ ತಪ್ಪಿದರೆ ಹಾಡು ಎಡುಪು (ತಾಳದಲ್ಲಿ ಹಾಡು ಆರಂಭವಾಗುವ ಜಾಗ) ಕಳೆದುಕೊಂಡಂತೆಯೇ. ಇನ್ನೊಂದು ತೊಡಕು ಕರೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೈಕ್ ಇರುವ ಬ್ಲೂಟೂತ್ ಸ್ಪೀಕರನ್ನು ವಿಂಡೋಸ್‌ನಲ್ಲಿ ಮೈಕ್ ಆಗಿಯೂ ಆರಿಸಿಕೊಂಡರೆ ಸಂಪರ್ಕವು ಹ್ಯಾಂಡ್ಸ್-ಫ್ರೀ ವಿಧಾನಕ್ಕೆ ಬದಲಾಗಿ, ಸ್ಟೀರಿಯೊ ಹೋಗಿ, ದನಿ ದೂರವಾಣಿಯ ಮಟ್ಟಕ್ಕೆ ಇಳಿಯಬಹುದು. ಸ್ಪೀಕರ್ ಕೆಟ್ಟಿತೆಂದು ಅಂಗಡಿಗೆ ಹಿಂದಿರುಗಿಸುವ ಮುನ್ನ ಕರೆಯ ಆ್ಯಪ್‌ನಲ್ಲಿ ಮೈಕ್ ಎಂಬಲ್ಲಿ ಲ್ಯಾಪ್‌ಟಾಪ್‌ನ ಸ್ವಂತ ಮೈಕನ್ನು ಆರಿಸಿ ನೋಡಿ. ಬಹುಪಾಲು ಅಲ್ಲಿಯೇ ಸರಿಹೋಗುತ್ತದೆ.

ವಿದೇಶದಲ್ಲಿದ್ದುಕೊಂಡು ಬೆಂಗಳೂರು, ಮೈಸೂರಿನ ಗುರುಗಳಿಂದ ಆನ್‌ಲೈನ್‌ನಲ್ಲಿ ಸಂಗೀತ ಕಲಿಯುವವರು ಇಂದು ಅನೇಕರಿರುವುದರಿಂದ ಒಂದು ಮಾತು ಸೇರಿಸುತ್ತೇನೆ. ಕರೆಯ ಆ್ಯಪ್‌ಗಳು ಮಾತಿಗೆಂದು ರೂಪಿತವಾದವು. ನಿರಂತರವಾದ ತಂಬೂರಿಯ ನಾದವನ್ನು ಗದ್ದಲವೆಂದು ಭಾವಿಸಿ ಅಳಿಸಲು ನೋಡುತ್ತವೆ. ಝೂಮ್‌ನಲ್ಲಿ ಸಂಗೀತಗಾರರಿಗಾಗಿ ಮೂಲ ದನಿಯನ್ನು ಉಳಿಸುವ ಆಯ್ಕೆಯಿದೆ. ಆದರೆ ಅದರೊಂದಿಗೆ ಪ್ರತಿಧ್ವನಿ ತಡೆಯುವ ವ್ಯವಸ್ಥೆಯನ್ನೂ ನಿಲ್ಲಿಸಿದರೆ ಸ್ಪೀಕರ್‌ನಿಂದ ಹೊರಟ ಗುರುಗಳ ದನಿ ನಿಮ್ಮ ಮೈಕ್ ಹೊಕ್ಕು ಅವರಿಗೇ ಮರಳಿ ಕೇಳುತ್ತದೆ. ಪಾಠದ ಹೊತ್ತಿನಲ್ಲಿ ಹೆಡ್‌ಫೋನ್ ಬಳಸಿ, ಪಾಠದ ಮುದ್ರಣವನ್ನು ಆಮೇಲೆ ಕೇಳುವಾಗ ಸ್ಪೀಕರ್ ಬಳಸುವುದು ಸರಿಯಾದ ಕ್ರಮ. ಪೆಬಲ್ ವಿ2ರಲ್ಲಿ ಹೆಡ್‌ಫೋನ್ ಕಿಂಡಿ ಇಲ್ಲದಿರುವುದರಿಂದ ಪ್ರತಿ ಸಲವೂ ಲ್ಯಾಪ್‌ಟಾಪ್‌ನಿಂದ ತಂತಿ ಕಿತ್ತು ಬದಲಾಯಿಸಬೇಕಾಗುತ್ತದೆ. ಇದು ನನ್ನ ದೃಷ್ಟಿಯಲ್ಲಿ ಈ ಉತ್ಪನ್ನದ ನಿಜವಾದ ಕೊರತೆ. ತಂತಿಗಳು ಸ್ಪೀಕರ್‌ಗೆ ಕಾಯಂ ಆಗಿ ಅಂಟಿಕೊಂಡಿರುವುದೂ ನನಗೆ ಇಷ್ಟವಾಗಲಿಲ್ಲ, ಏಕೆಂದರೆ ಒಂದು ತಂತಿ ತುಂಡಾದರೆ ಹೊಸದನ್ನು ಸಿಕ್ಕಿಸುವಂತಿಲ್ಲ. ಚೀಲದಲ್ಲಿ ಒಯ್ಯುವವರು ತಂತಿಯನ್ನು ಬುಡದಲ್ಲಿ ಮಡಿಸದೆ ಸಡಿಲವಾಗಿ ಸುತ್ತಿಡಬೇಕು.

ಯುಎಸ್‌ಬಿಯಿಂದ ವಿದ್ಯುತ್ತು, 3.5 ಎಂಎಂ ಕಿಂಡಿಯಿಂದ ದನಿ, ಎರಡನ್ನೂ ಒಂದೇ ಲ್ಯಾಪ್‌ಟಾಪ್‌ನಿಂದ ಪಡೆಯುವ ಎಲ್ಲ ಸ್ಪೀಕರ್‌ಗಳಲ್ಲಿಯೂ ಒಂದು ಸಾಮಾನ್ಯ ಸಮಸ್ಯೆ ಉಂಟಾಗಬಹುದು. ಏನನ್ನೂ ನುಡಿಸದಿರುವಾಗಲೂ ಸಣ್ಣಗೆ ಗುಂಯ್‌ಗುಡುವ ಸದ್ದು, ಕೆಲವು ಯಂತ್ರಗಳಲ್ಲಿ ಮೌಸ್ ಸರಿಸಿದಂತೆ ಬದಲಾಗುವ ಕೀರಲು. ಎರಡು ತಂತಿಗಳ ಗ್ರೌಂಡ್ (ವಿದ್ಯುತ್ತು ಹಿಂದಿರುಗುವ ಎಳೆ) ಸೇರಿ ಒಂದು ಸುತ್ತು ಏರ್ಪಟ್ಟು, ಲ್ಯಾಪ್‌ಟಾಪ್‌ನ ಒಳಗಿನ ವಿದ್ಯುತ್ ಗದ್ದಲ ಅದರ ಮೂಲಕ ಸ್ಪೀಕರ್ ಸೇರುವುದೇ ಇದಕ್ಕೆ ಕಾರಣ. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಕಾರಣ ಖಚಿತವಾಯಿತು. ಆಗ ಸ್ಪೀಕರ್‌ನ ಯುಎಸ್‌ಬಿ ತುದಿಯನ್ನು ಲ್ಯಾಪ್‌ಟಾಪ್‌ನಿಂದ ತೆಗೆದು ಒಳ್ಳೆಯ ಗುಣಮಟ್ಟದ 2 ಆಂಪಿಯರ್ ಮೊಬೈಲ್ ಚಾರ್ಜರ್‌ಗೆ ಅಥವಾ ಪವರ್ ಬ್ಯಾಂಕ್‌ಗೆ ಸಿಕ್ಕಿಸಿದರೆ ಸುತ್ತು ಕಡಿಯುತ್ತದೆ, ಹೆಚ್ಚಿನ ಗೇನ್‌ಗೆ ಬೇಕಾದ ಶಕ್ತಿಯೂ ಸಿಗುತ್ತದೆ. ಕರೆಂಟು ಹೋದಾಗಲೂ ಸಂಗೀತ ನಿಲ್ಲದಿರುವುದು ಯುಎಸ್‌ಬಿ ಸ್ಪೀಕರ್‌ಗಳ ದೊಡ್ಡ ಅನುಕೂಲ, ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. 3.5 ಎಂಎಂ ಕಿಂಡಿಯೇ ಇಲ್ಲದ ಲ್ಯಾಪ್‌ಟಾಪ್ ಉಳ್ಳವರು, ಈ ಗದ್ದಲದಿಂದ ಬೇಸತ್ತವರು ಪೆಬಲ್ ವಿ3 ಕಡೆಗೆ ನೋಡಬಹುದು; ಅದರಲ್ಲಿ ದನಿಯೂ ಯುಎಸ್‌ಬಿ ತಂತಿಯಲ್ಲಿಯೇ ಡಿಜಿಟಲ್ ರೂಪದಲ್ಲಿ ಹೋಗುತ್ತದೆ, ಬ್ಲೂಟೂತ್ ಸೌಲಭ್ಯವೂ ಇದೆ, ಬೆಲೆ ಹೆಚ್ಚು.

ಇಡುವ ಜಾಗದ ಬಗ್ಗೆ ಹೇಳದೆ ಈ ವಿಮರ್ಶೆ ಪೂರ್ಣವಾಗದು, ಏಕೆಂದರೆ ಇಲ್ಲಿ ಖರ್ಚಿಲ್ಲದೆ ಸಿಗುವ ಲಾಭವೇ ದೊಡ್ಡದು. ಎರಡು ಸ್ಪೀಕರ್‌ಗಳೂ ನಿಮ್ಮ ತಲೆಯೂ ಸಮಬಾಹು ತ್ರಿಕೋನದ ಮೂರು ಮೂಲೆಗಳಲ್ಲಿರಲಿ; ಮೇಜಿನಲ್ಲಿ ಒಂದೊಂದು ಬದಿ 60ರಿಂದ 70 ಸೆಂಟಿಮೀಟರ್ ಇದ್ದರೆ ಸರಿ. ಲ್ಯಾಪ್‌ಟಾಪ್‌ನ ಪರದೆಯ ಹಿಂದೆ ಸ್ಪೀಕರ್ ಇಟ್ಟರೆ ವ್ಯಂಜನಗಳು ಪರದೆಗೇ ತಾಗಿ ಉಳಿಯುತ್ತವೆ, ಆದ್ದರಿಂದ ಪರದೆಯ ಅಂಚಿಗಿಂತ ಸ್ವಲ್ಪ ಮುಂದೆ ತರಬೇಕು. ಹಿಂದೆ ಗೋಡೆಯಿದ್ದರೆ ಕೆಳಸ್ವರಗಳಿಗೆ ಬಲ ಬರುತ್ತದೆ, ಆದರೆ ಪೆಬಲ್‌ನ ಹಿಂಬದಿಯ ಪೊರೆಗೆ ಉಸಿರಾಡಲು ಒಂದು ಗೇಣಿನಷ್ಟಾದರೂ ಜಾಗ ಬಿಡಬೇಕು. ಕೇಳುವ ದೂರ ಎರಡರಷ್ಟಾದರೆ ದನಿ 6 ಡೆಸಿಬಲ್‌ನಷ್ಟು ಕುಗ್ಗುತ್ತದೆ. 60 ಸೆಂಟಿಮೀಟರ್ ದೂರದಲ್ಲಿ ತುಂಬಿಕೊಂಡು ಕೇಳುವ ಜೋಡಿ ಎರಡು ಮೀಟರ್ ಆಚೆ ಸೋಫಾದಲ್ಲಿ ಕುಳಿತವರಿಗೆ ಬಡವಾಗಿ ಕೇಳಿದರೆ ಅದು ಸ್ಪೀಕರ್‌ನ ತಪ್ಪಲ್ಲ. ಈ ಮೂರೂ ಉತ್ಪನ್ನಗಳು ಮೇಜಿನ ಮುಂದೆ ಕುಳಿತ ಒಬ್ಬಿಬ್ಬರಿಗೆ ಮಾತ್ರ, ಮನೆಮಂದಿಯೆಲ್ಲ ಸೇರಿ ಚಲನಚಿತ್ರ ನೋಡುವುದಕ್ಕೆ ಇವು ತಕ್ಕವಲ್ಲ.

ಸಾಫ್ಟ್‌ವೇರ್ ಬಗ್ಗೆ ಎರಡೇ ಮಾತು. ಲ್ಯಾಪ್‌ಟಾಪ್ ತಯಾರಕರು ಒಳಗಿನ ಸ್ಪೀಕರ್‌ಗಾಗಿ ಹಾಕಿರುವ ದನಿ ಉಬ್ಬಿಸುವ ಪರಿಣಾಮಗಳನ್ನು ಹೊರಗಿನ ಸ್ಪೀಕರ್ ಸಿಕ್ಕಿಸಿದ ಮೇಲೆ ನಿಲ್ಲಿಸಿ ಕೇಳಿ. ಹಲವು ಸಲ ಅವೇ ದನಿಯನ್ನು ಕರ್ಕಶಗೊಳಿಸುತ್ತಿರುತ್ತವೆ. ವಿಂಡೋಸ್ ಬಳಸುವವರಿಗೆ ಈಕ್ವಲೈಜರ್ ಎಪಿಒ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ಸ್ಪೀಕರ್‌ಗೆ ಎಟುಕದ 60, 70 ಹರ್ಟ್ಜ್‌ಗಳನ್ನು ಏರಿಸುವ ಬದಲು ಕತ್ತರಿಸಿಬಿಟ್ಟರೆ ಪೊರೆಯ ಮೇಲಿನ ವ್ಯರ್ಥ ಭಾರ ಇಳಿದು ಉಳಿದ ದನಿ ಹೆಚ್ಚು ತಿಳಿಯಾಗುತ್ತದೆ.

ಪೆಬಲ್ ವಿ2 ಕೇಳಿದ ಮೇಲೂ ಮೃದಂಗದ ಎಡಗಡೆಗೆ ಇನ್ನಷ್ಟು ತೂಕ ಬೇಕೆನಿಸುವವರಿಗೆ ಅದೇ ಸಂಸ್ಥೆಯ ಪೆಬಲ್ ಪ್ಲಸ್ ಇದೆ. ಅಂತಹುದೇ ಜೋಡಿಗೆ ನಾಲ್ಕು ಇಂಚಿನ ಸಬ್‌ವೂಫರ್ (ಕೆಳಸ್ವರಗಳಿಗೆಂದೇ ಇರುವ ಸ್ಪೀಕರ್) ಸೇರಿಸಿ, ಅದನ್ನೂ ಯುಎಸ್‌ಬಿಯಿಂದಲೇ ನಡೆಯುವಂತೆ ಮಾಡಿದ್ದಾರೆ, ಆದರೆ ಅದನ್ನು ಚೀಲದಲ್ಲಿ ಹಾಕಿಕೊಂಡು ಊರೂರಿಗೆ ಒಯ್ಯುವುದು ಕಷ್ಟ. ಯಾವುದನ್ನೇ ಕೊಳ್ಳುವುದಿದ್ದರೂ ಅಂಗಡಿಯವರು ಹಾಕುವ ಅಬ್ಬರದ ಹಾಡಿನಿಂದ ತೀರ್ಮಾನಿಸಬೇಡಿ. ನಿಮಗೆ ಅಕ್ಷರಶಃ ಪರಿಚಯವಿರುವ ಒಂದು ಗಂಡು ಕಂಠದ ಮುದ್ರಣವನ್ನು ಫೋನಿನಲ್ಲಿ ಒಯ್ದು, ಮೊದಲು ಅರ್ಧ ವಾಲ್ಯೂಮ್‌ನಲ್ಲಿ, ಅನಂತರ ಮುಕ್ಕಾಲಿನಲ್ಲಿ ಕೇಳಿ. ಎರಡರಲ್ಲಿಯೂ ಕಂಠದ ದಪ್ಪ ಒಂದೇ ಆಗಿದ್ದರೆ ಕೊಳ್ಳಬಹುದು, ಏರಿಸಿದಂತೆ ಕಂಠ ತೆಳುವಾಗುತ್ತ ಹೋದರೆ ಆ ಜೋಡಿಯನ್ನು ಅಲ್ಲಿಯೇ ಬಿಟ್ಟು ಬನ್ನಿ.